ಮನೆತನದ ಲಾಂಛನದಲ್ಲಿರುವ ಪ್ರಾಣಿಯನ್ನು ಓದುವ ಬಗೆ: ಸಮಗ್ರ ಮಾರ್ಗದರ್ಶಿ

ಯುರೋಪಿನ ಹಳೆಯ ಮನೆತನಗಳ ಲಾಂಛನಗಳಲ್ಲಿ ಸಿಂಹ, ಹದ್ದು, ಕಾಡುಹಂದಿ, ಜಿಂಕೆ, ಮೀನು, ಜೇನುನೊಣ ಹೀಗೆ ಬಗೆಬಗೆಯ ಪ್ರಾಣಿಗಳಿವೆ. ಇವುಗಳ ಅರ್ಥವನ್ನು ಹುಡುಕಹೊರಟವರ ಕೈಗೆ ಮೊದಲು ಸಿಗುವುದು ಒಂದು ಸಿದ್ಧ ಪಟ್ಟಿ: ಸಿಂಹವೆಂದರೆ ಶೌರ್ಯ, ಹದ್ದೆಂದರೆ ಪ್ರಭುತ್ವ, ನಾಯಿಯೆಂದರೆ ನಿಷ್ಠೆ, ಜಿಂಕೆಯೆಂದರೆ ಶಾಂತಿ. ಇಂತಹ ಪಟ್ಟಿಗಳಿಂದ ಅಷ್ಟಿಷ್ಟು ಉಪಯೋಗವಿದೆಯಾದರೂ ಅಲ್ಲಿಂದಲೇ ಓದನ್ನು ಆರಂಭಿಸಿದವರು ಬಹುಮಟ್ಟಿಗೆ ದಾರಿ ತಪ್ಪುತ್ತಾರೆ, ಏಕೆಂದರೆ ಅನೇಕ ಲಾಂಛನಗಳಲ್ಲಿ ಪ್ರಾಣಿ ಬಂದು ಸೇರಿರುವುದು ತನ್ನ ಗುಣಕ್ಕಾಗಿ ಅಲ್ಲ; ಮನೆತನದ ಹೆಸರಿಗಾಗಿ, ಯಾವುದೋ ಯುದ್ಧಕ್ಕಾಗಿ, ಮದುವೆಯ ಸಂಬಂಧಕ್ಕಾಗಿ, ಇಲ್ಲವೇ ಗುರಾಣಿಯ ಆಕಾರಕ್ಕೆ ಚೆನ್ನಾಗಿ ಹೊಂದಿಕೊಂಡಿತೆಂಬ ಸರಳ ಕಾರಣಕ್ಕಾಗಿ. ಗುಣದ ಪಟ್ಟಿಯನ್ನು ಕೊನೆಗೆ ತೆರೆಯಬೇಕು, ಅದೂ ಅಗತ್ಯಬಿದ್ದರೆ ಮಾತ್ರ.

ಮುಂದಿನ ಹಂತಗಳನ್ನು ಮುಖ್ಯವಾಗಿ ಇಂಗ್ಲೆಂಡಿನ ಹೆರಾಲ್ಡ್ರಿ (ಲಾಂಛನಶಾಸ್ತ್ರ) ಪದ್ಧತಿಯನ್ನು ಆಧರಿಸಿ ವಿವರಿಸಲಾಗಿದೆ. ದಾಖಲೆಗಳು ಅಲ್ಲಿ ಹೆಚ್ಚು ಕ್ರಮಬದ್ಧವಾಗಿ ಉಳಿದಿವೆ ಎಂಬುದು ಇದಕ್ಕೊಂದು ಕಾರಣವಾದರೆ, ನಮ್ಮಲ್ಲಿನ ಸಂಸ್ಥಾನಗಳ ಲಾಂಛನಗಳಿಗೆ ಚೌಕಟ್ಟು ಬಂದದ್ದೂ ಅಲ್ಲಿಂದಲೇ ಎಂಬುದು ಇನ್ನೊಂದು ಕಾರಣ. ಕೊನೆಯ ಭಾಗದಲ್ಲಿ ಶ್ರೀರಂಗಪಟ್ಟಣದಿಂದ ಹುಟ್ಟಿದ ಒಂದು ಇಂಗ್ಲಿಷ್ ಹುಲಿಯನ್ನೂ ಮೈಸೂರಿನ ಗಂಡಭೇರುಂಡವನ್ನೂ ಇದೇ ಕ್ರಮದಲ್ಲಿ ಓದಿ ತೋರಿಸಲಾಗಿದೆ.

ಹಂತ 1: ಪ್ರಾಣಿ ಯಾವ ಜಾಗದಲ್ಲಿದೆ ಎಂದು ನೋಡಿ

ಪೂರ್ಣ ಲಾಂಛನದಲ್ಲಿ ನಡುವೆ ಗುರಾಣಿಯಿರುತ್ತದೆ. ಅದರ ಮೇಲೆ ಶಿರಸ್ತ್ರಾಣ, ಶಿರಸ್ತ್ರಾಣದ ನೆತ್ತಿಯ ಮೇಲೆ ಕ್ರೆಸ್ಟ್ ಎಂಬ ಚಿಹ್ನೆ, ಗುರಾಣಿಯ ಎರಡೂ ಪಕ್ಕದಲ್ಲಿ ಅದನ್ನು ಹಿಡಿದು ನಿಂತ ಸಪೋರ್ಟರ್‌ಗಳು, ಒಂದು ಪಟ್ಟಿಯ ಮೇಲೆ ಧ್ಯೇಯವಾಕ್ಯ. ಪ್ರಾಣಿ ಗುರಾಣಿಯಲ್ಲೂ ಇರಬಹುದು, ಕ್ರೆಸ್ಟ್‌ನಲ್ಲೂ ಇರಬಹುದು, ಪಕ್ಕದಲ್ಲೂ ಇರಬಹುದು. ಆದರೆ ಮೂರು ಜಾಗಗಳ ತೂಕ ಒಂದೇ ಅಲ್ಲ.

ಗುರಾಣಿಯಲ್ಲಿರುವುದೇ ಎಲ್ಲಕ್ಕಿಂತ ಹಳೆಯದು, ವಂಶಪಾರಂಪರ್ಯವಾಗಿ ಬಂದದ್ದು. ಇದಕ್ಕೆ ಹೆರಾಲ್ಡ್ರಿಯ ಇತಿಹಾಸಕಾರರು ಸಾಮಾನ್ಯವಾಗಿ ಕೊಡುವ ಮೊದಲ ಉದಾಹರಣೆ ಫ್ರಾನ್ಸಿನ ಆಂಜೂ ಪ್ರಾಂತ್ಯದ ಜೆಫ್ರಿಯದು. ಇಂಗ್ಲೆಂಡಿನ ದೊರೆ ಒಂದನೆಯ ಹೆನ್ರಿ ತನ್ನ ಅಳಿಯನಾಗಲಿದ್ದ ಈತನಿಗೆ ಚಿನ್ನದ ಸಿಂಹಗಳಿದ್ದ ಗುರಾಣಿಯನ್ನು ಕೊಟ್ಟನೆಂದು ಚರಿತ್ರೆಕಾರನೊಬ್ಬ ಬರೆದಿದ್ದಾನೆ. ಜೆಫ್ರಿಯ ಸಮಾಧಿಗಾಗಿ 12ನೆಯ ಶತಮಾನದ ನಡುವಿನಲ್ಲಿ ಮಾಡಿಸಿದ ಎನಾಮಲ್ ಫಲಕ ಫ್ರಾನ್ಸಿನ ಲ ಮಾನ್ ನಗರದಲ್ಲಿ ಇಂದಿಗೂ ಇದ್ದು, ಅದರಲ್ಲಿ ನೀಲಿ ಗುರಾಣಿಯ ಮೇಲಿನ ಚಿನ್ನದ ಸಿಂಹಗಳು ಸ್ಪಷ್ಟವಾಗಿ ಕಾಣುತ್ತವೆ. ಅವನ ಮೊಮ್ಮಗ, 1226ರಲ್ಲಿ ತೀರಿಕೊಂಡ ವಿಲಿಯಂ ಲಾಂಗೆಸ್ಪೀಯ ಸಮಾಧಿ ಸಾಲ್ಸ್‌ಬರಿ ಕೆಥೆಡ್ರಲ್‌ನಲ್ಲಿದೆ. ಅಲ್ಲಿನ ಗುರಾಣಿಯ ಮೇಲೂ ಅವೇ ಸಿಂಹಗಳಿವೆ. ಅಜ್ಜನ ಪ್ರಾಣಿ ಮೊಮ್ಮಗನಿಗೆ ಬಂದ ಈ ಘಟ್ಟದಿಂದಲೇ ಅದನ್ನು ಅಲಂಕಾರವೆನ್ನದೆ ಕುಲಲಾಂಛನವೆನ್ನಬಹುದು.

ಕ್ರೆಸ್ಟ್ ಬಳಕೆಗೆ ಬಂದದ್ದು ಆಮೇಲೆ. ಎಷ್ಟೋ ಮನೆತನಗಳು ಗುರಾಣಿಯನ್ನು ಹಾಗೆಯೇ ಇಟ್ಟುಕೊಂಡು ಕ್ರೆಸ್ಟನ್ನು ಬದಲಿಸಿವೆ. ಪರಸ್ಪರ ಸಂಬಂಧವೇ ಇಲ್ಲದ ಹಲವು ಮನೆತನಗಳಲ್ಲಿ ಒಂದೇ ಬಗೆಯ ಕ್ರೆಸ್ಟ್ ಕಾಣಿಸುವುದೂ ಉಂಟು. ಸಪೋರ್ಟರ್‌ಗಳು ಇಂಗ್ಲೆಂಡಿನಲ್ಲಿ ಎಲ್ಲರಿಗೂ ಸಿಗುವುದಿಲ್ಲ. ಲಾರ್ಡ್ ಪದವಿಯವರು, ಗಾರ್ಟರ್‌ನಂಥ ಅತ್ಯುನ್ನತ ನೈಟ್ ಪದವಿ ಪಡೆದವರು, ಕೆಲವು ಸಂಸ್ಥೆಗಳು ಮಾತ್ರ ಅವಕ್ಕೆ ಅರ್ಹರು. ಆದುದರಿಂದ ಪಕ್ಕದಲ್ಲಿ ನಿಂತ ಪ್ರಾಣಿಗಳು ಮೊದಲು ಹೇಳುವುದು ಪದವಿಯನ್ನು, ಆಮೇಲೆ ಮಿಕ್ಕಿದ್ದನ್ನು. ಸ್ಕಾಟ್ಲೆಂಡಿನ ಲಾಂಛನದಲ್ಲಿ ಪ್ರಾಣಿಯ ಸುತ್ತ ಬಕಲ್ ಹಾಕಿದ ಬೆಲ್ಟಿನ ಚಿತ್ರವಿದ್ದರೆ ಅದು ಕುಲದ ನಾಯಕನ ಕ್ರೆಸ್ಟ್ ಎಂದೂ, ಅದನ್ನು ಧರಿಸಿದವನು ಆ ನಾಯಕನ ಅನುಯಾಯಿ ಎಂದೂ ತಿಳಿಯಬೇಕು. ಮ್ಯಾಕ್‌ಲಿಯಡ್ ಕುಲದವನೊಬ್ಬ ಟೋಪಿಯಲ್ಲಿ ಗೂಳಿಯ ತಲೆಯನ್ನು ಸಿಕ್ಕಿಸಿಕೊಂಡರೆ ಆ ಗೂಳಿ ಅವನದಲ್ಲ, ಅವನ ನಾಯಕನದು.

ಹಂತ 2: ಅದು ಯಾವ ಪ್ರಾಣಿ ಎಂದು ಖಚಿತಪಡಿಸಿಕೊಳ್ಳಿ

ಇದು ಸುಲಭವೆಂದು ತೋರುತ್ತದೆ, ಆದರೆ ಹೊಸಬರು ಹೆಚ್ಚು ಎಡವುವುದು ಇಲ್ಲಿಯೇ. ಮಧ್ಯಯುಗದ ಚಿತ್ರಕಾರರಲ್ಲಿ ಅನೇಕರು ಸಿಂಹವನ್ನಾಗಲಿ ಆನೆಯನ್ನಾಗಲಿ ಕಣ್ಣಾರೆ ಕಂಡವರಲ್ಲ. ಒಬ್ಬರ ಚಿತ್ರವನ್ನು ನೋಡಿ ಇನ್ನೊಬ್ಬರು ಬರೆಯುತ್ತಾ ಹೋದಂತೆ ಕಾಡಿನ ಪ್ರಾಣಿಗೂ ಲಾಂಛನದ ಪ್ರಾಣಿಗೂ ಸಂಬಂಧ ಸಡಿಲವಾಯಿತು. ಹೆರಾಲ್ಡ್ರಿಯ ಡಾಲ್ಫಿನ್‌ಗೆ ಮೀನಿನ ಹುರುಪೆಗಳಿವೆ. ಅದರ ಪ್ಯಾಂಥರ್ ಬಾಯಿಯಿಂದಲೂ ಕಿವಿಯಿಂದಲೂ ಬೆಂಕಿಯನ್ನು ಉಗುಳುತ್ತದೆ. ಮಾರ್ಟ್ಲೆಟ್ ಎಂಬುದು ಕವಲುತೋಕೆಯ ಹಕ್ಕಿಯಂತಿದ್ದರೂ ಅದಕ್ಕೆ ಪಾದಗಳೇ ಇಲ್ಲ. ರೆಕ್ಕೆಯ ಸರ್ಪರಾಕ್ಷಸನಿಗೆ ನಾಲ್ಕು ಕಾಲಿದ್ದರೆ ಇಂಗ್ಲೆಂಡಿನಲ್ಲಿ ಅದು ಡ್ರ್ಯಾಗನ್, ಎರಡೇ ಕಾಲಿದ್ದರೆ ವೈವರ್ನ್. ಹದ್ದಿನ ತಲೆ, ರೆಕ್ಕೆ, ಮುಂಗಾಲುಗಳಿಗೆ ಸಿಂಹದ ಹಿಂಭಾಗ ಸೇರಿದ್ದರೆ ಗ್ರಿಫಿನ್.

ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕಾದದ್ದು ಹುಲಿಯ ವಿಚಾರ. ಹಳೆಯ ಹೆರಾಲ್ಡ್ರಿಯಲ್ಲಿ ಹುಲಿಯೆಂದು ಕರೆಯುವ ಪ್ರಾಣಿಗೆ ಪಟ್ಟೆಗಳಿಲ್ಲ. ಸಿಂಹದಂಥ ಮೈಕಟ್ಟು, ಕತ್ತಿನ ಮೇಲೆ ಕೇಸರದ ಕುಚ್ಚು, ತುದಿಯಲ್ಲಿ ಗೊಂಡೆಯಿರುವ ಬಾಲ, ಮೂಗಿನ ತುದಿಯಿಂದ ಕೆಳಕ್ಕೆ ಬಾಗಿದ ಕೊಂಬಿನಂಥ ಕೋರೆ. ಭಾರತದ ಸಂಪರ್ಕ ಬೆಳೆದ ಬಳಿಕ ನಿಜವಾದ ಹುಲಿಯೂ ಲಾಂಛನಗಳಿಗೆ ಬಂದಿತು. ಆಗ ಹಳೆಯದನ್ನು ಕದಲಿಸಲಾಗದ್ದರಿಂದ ಹೊಸದನ್ನು ‘ಬೆಂಗಾಲ್ ಟೈಗರ್’ ಅಥವಾ ‘ರಾಯಲ್ ಟೈಗರ್’ ಎಂದು ಬೇರೆಯಾಗಿ ಬರೆಯುವ ರೂಢಿ ಬೆಳೆಯಿತು. ಲಾಂಛನದ ವರ್ಣನೆಯಲ್ಲಿ ಈ ಎರಡರಲ್ಲಿ ಯಾವ ಹೆಸರಿದೆಯೆಂಬುದನ್ನು ನೋಡದೆ ಮುಂದಕ್ಕೆ ಹೋಗಬಾರದು, ಏಕೆಂದರೆ ಹಳೆಯ ಹುಲಿ ಪುಸ್ತಕದಿಂದ ಬಂದದ್ದು, ಹೊಸ ಹುಲಿ ಸಾಮಾನ್ಯವಾಗಿ ಯಾರೋ ಒಬ್ಬರ ಭಾರತದ ನಂಟಿನಿಂದ ಬಂದದ್ದು.

ಹಂತ 3: ಭಂಗಿಯನ್ನು ಹೆಸರಿಸಿ, ಆದರೆ ಅದಕ್ಕೆ ಗುಣ ಹಚ್ಚಬೇಡಿ

ಲಾಂಛನವನ್ನು ಮಾತಿನಲ್ಲಿ ವರ್ಣಿಸುವುದಕ್ಕೆ ಬ್ಲೇಜನ್ ಎನ್ನುತ್ತಾರೆ. ಚಿತ್ರ ಕಳೆದುಹೋದರೂ ಬ್ಲೇಜನ್‌ನ ಒಂದು ವಾಕ್ಯವಿದ್ದರೆ ಚಿತ್ರವನ್ನು ಮತ್ತೆ ಬರೆಯಬಹುದು. ಆದುದರಿಂದ ಅದರಲ್ಲಿ ಭಂಗಿಯ ಹೆಸರು ಕಡ್ಡಾಯ. ಮುಂಗಾಲುಗಳನ್ನು ಮೇಲೆತ್ತಿ ಹಿಂಗಾಲ ಮೇಲೆ ಎರಗುವಂತೆ ನಿಂತ ಸಿಂಹ ‘ರಾಂಪಂಟ್’, ಬಲ ಮುಂಗಾಲನ್ನೊಂದೇ ಎತ್ತಿ ನಡೆಯುತ್ತಿರುವುದು ‘ಪ್ಯಾಸಂಟ್’, ಕುಳಿತದ್ದು ‘ಸೆಜಂಟ್’, ತಲೆಯೆತ್ತಿ ಮಲಗಿದ್ದು ‘ಕೌಚಂಟ್’, ನಿದ್ರಿಸುವುದು ‘ಡಾರ್ಮಂಟ್’. ಮುಖವನ್ನು ನಮ್ಮತ್ತ ತಿರುಗಿಸಿದ್ದರೆ ‘ಗಾರ್ಡಂಟ್’ ಎಂದೂ ಹಿಂದಕ್ಕೆ ತಿರುಗಿಸಿದ್ದರೆ ‘ರಿಗಾರ್ಡಂಟ್’ ಎಂದೂ ಸೇರಿಸುತ್ತಾರೆ. ಜಿಂಕೆಗೆ ಈ ಹೆಸರುಗಳು ಸಲ್ಲುವುದಿಲ್ಲ. ನಡೆಯುವ ಜಿಂಕೆಗೆ ‘ಟ್ರಿಪಂಟ್’, ಮಲಗಿದ ಜಿಂಕೆಗೆ ‘ಲಾಜ್ಡ್’ ಎಂಬ ಬೇರೆ ಮಾತುಗಳಿವೆ. ರೆಕ್ಕೆಗಳನ್ನು ಎರಡೂ ಕಡೆಗೆ ಹರಡಿದ ಹದ್ದು ‘ಡಿಸ್‌ಪ್ಲೇಡ್’.

ಪ್ರಾಣಿ ಸಾಮಾನ್ಯವಾಗಿ ಗುರಾಣಿ ಹಿಡಿದವನ ಬಲಕ್ಕೆ, ಎಂದರೆ ನೋಡುವವರ ಎಡಕ್ಕೆ ಮುಖ ಮಾಡಿರುತ್ತದೆ. ಧ್ವಜದಲ್ಲಾದರೆ ಅದು ಕಂಬದ ಕಡೆಗೆ ನೋಡುತ್ತದೆ.

ರಾಂಪಂಟ್ ಸಿಂಹ ಯುದ್ಧದ ಸಂಕೇತ, ಮಲಗಿದ ಸಿಂಹ ಶಾಂತಿಕಾಲದ ಸಂಕೇತ ಎಂಬಂಥ ವಿವರಣೆಗಳನ್ನು ಪಕ್ಕಕ್ಕಿಡುವುದು ಒಳ್ಳೆಯದು. 14ನೆಯ ಶತಮಾನದ ಇಟಲಿಯ ನ್ಯಾಯಶಾಸ್ತ್ರಜ್ಞ ಬಾರ್ತೊಲೊ, ಪ್ರಾಣಿಯನ್ನು ಅದರ ಶಕ್ತಿ ತೋರುವ ಉತ್ತಮ ಭಂಗಿಯಲ್ಲಿಯೇ ಚಿತ್ರಿಸಬೇಕೆಂದು ಬರೆದಿದ್ದಾನೆ. ಎಂದರೆ ಎರಗುವ ಭಂಗಿ ಸಿಂಹಕ್ಕೆ ಸಹಜವಾಗಿ ಸಲ್ಲುವ ನಿಲುವೇ ಹೊರತು ಮಾಲೀಕನ ಸ್ವಭಾವದ ವರದಿಯಲ್ಲ. ಜೊತೆಗೆ, ಉದ್ದನೆಯ ಗುರಾಣಿಯಲ್ಲಿ ಒಂದೇ ಸಿಂಹವನ್ನು ತುಂಬಿಸಬೇಕಾದರೆ ಅದನ್ನು ನಿಲ್ಲಿಸಲೇಬೇಕು. ಮೂರು ಸಿಂಹಗಳನ್ನು ಒಂದರ ಕೆಳಗೊಂದು ಇಡಬೇಕಾದರೆ ಅವುಗಳನ್ನು ನಡೆಸಲೇಬೇಕು. 1198ರ ಹೊತ್ತಿಗೆ ಒಂದನೆಯ ರಿಚರ್ಡ್ ದೊರೆಯ ಎರಡನೆಯ ಮುದ್ರೆಯಲ್ಲಿ ಕಾಣಿಸಿಕೊಂಡ ಇಂಗ್ಲೆಂಡಿನ ಮೂರು ಸಿಂಹಗಳು ನಡೆಯುತ್ತಾ ನಮ್ಮತ್ತ ಮುಖ ತಿರುಗಿಸಿವೆ. ಈ ಭಂಗಿಯ ಸಿಂಹವನ್ನು ಫ್ರೆಂಚ್ ಹೆರಾಲ್ಡ್‌ಗಳು (ಲಾಂಛನಾಧಿಕಾರಿಗಳು) ಚಿರತೆ ಎಂದೇ ಕರೆಯುತ್ತಿದ್ದರು. ಹಳೆಯ ಬರಹಗಳಲ್ಲಿ ಇಂಗ್ಲೆಂಡಿನ ‘ಚಿರತೆಗಳು’ ಎಂದಿದ್ದರೆ ಪ್ರಾಣಿ ಬದಲಾಯಿತೆಂದು ಭಾವಿಸಬಾರದು. ಹೆಸರಿಟ್ಟವರು ಬೇರೆ, ಅಷ್ಟೆ.

ಹಂತ 4: ಬಣ್ಣವನ್ನು ಓದಿ, ಕಪ್ಪುಬಿಳುಪಿನ ಚಿತ್ರದಲ್ಲಿಯೂ

ಹೆರಾಲ್ಡ್ರಿಯ ಬಣ್ಣಗಳು ಕೆಲವೇ: ಚಿನ್ನ ಮತ್ತು ಬೆಳ್ಳಿ ಎಂಬ ಎರಡು ಲೋಹಗಳು, ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಎಂಬ ಬಣ್ಣಗಳು, ಇವುಗಳ ಜೊತೆಗೆ ತುಪ್ಪಳದ ಮಾದರಿಗಳು. ಲೋಹದ ಮೇಲೆ ಲೋಹವನ್ನೂ ಬಣ್ಣದ ಮೇಲೆ ಬಣ್ಣವನ್ನೂ ಇಡಬಾರದೆಂಬುದು ಮೂಲನಿಯಮ. ದೂರದಿಂದ ಗುರುತು ಸ್ಪಷ್ಟವಾಗಿ ಕಾಣಬೇಕೆಂಬುದೇ ಅದರ ಉದ್ದೇಶ. ಪ್ರಾಣಿಯ ಸಹಜ ಬಣ್ಣಕ್ಕೆ ಇಲ್ಲಿ ಬೆಲೆಯಿಲ್ಲ. ಸ್ಕಾಟ್ಲೆಂಡಿನ ದೊರೆಗಳದು ಚಿನ್ನದ ಮೇಲಿನ ಕೆಂಪು ಸಿಂಹ. ಅದೇ ಗಡಿಯ ಇಂಗ್ಲೆಂಡಿನ ಬದಿಯಲ್ಲಿ ಪ್ರಬಲರಾಗಿದ್ದ ಪರ್ಸಿ ಮನೆತನದವರದು ಚಿನ್ನದ ಮೇಲಿನ ನೀಲಿ ಸಿಂಹ. ಭಂಗಿ ಒಂದೇ, ಹಿನ್ನೆಲೆ ಒಂದೇ. ಗುಣದ ಪಟ್ಟಿಯ ಪ್ರಕಾರ ಎರಡಕ್ಕೂ ಒಂದೇ ಅರ್ಥ ಬರಬೇಕು, ಆದರೆ ರಣರಂಗದಲ್ಲಿ ಎದುರುಬದುರು ನಿಂತವರಿಗೆ ಬೇಕಾಗಿದ್ದದ್ದು ಆ ಬಣ್ಣದ ವ್ಯತ್ಯಾಸ. ನಾಲಿಗೆ ಮತ್ತು ಉಗುರುಗಳ ಬಣ್ಣವನ್ನೂ ನೋಡಿ: ಸಾಮಾನ್ಯವಾಗಿ ಅವು ಕೆಂಪು, ಪ್ರಾಣಿಯೇ ಕೆಂಪಾಗಿದ್ದರೆ ನೀಲಿ. ಸ್ಕಾಟ್ಲೆಂಡಿನ ಸಿಂಹದ ನಾಲಿಗೆ ನೀಲಿಯಾಗಿರುವುದು ಈ ಕಾರಣದಿಂದ, ಬೇರೆ ಗೂಢಾರ್ಥದಿಂದಲ್ಲ.

ಕಲ್ಲಿನಲ್ಲಿ, ಬೆಳ್ಳಿಯ ಪಾತ್ರೆಯ ಮೇಲೆ, ಹಳೆಯ ಮುದ್ರಿತ ಪುಟದಲ್ಲಿ ಬಣ್ಣವೇ ಇಲ್ಲವಲ್ಲ ಎಂದು ಕೈಬಿಡಬೇಕಾಗಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಗುರಾಣಿಯ ಮೈಮೇಲೆ ಸಣ್ಣ ಗೆರೆಗಳೋ ಚುಕ್ಕೆಗಳೋ ಇರುವುದು ಕಾಣಬಹುದು. ಇಟಲಿಯ ಜೆಸ್ಯೂಟ್ ಪಾದ್ರಿ ಸಿಲ್ವೆಸ್ತ್ರೊ ಪೇತ್ರಾ ಸಾಂಕ್ತಾ 1638ರಲ್ಲಿ ಪ್ರಕಟಿಸಿ ಜನಪ್ರಿಯಗೊಳಿಸಿದ ಕ್ರಮವಿದು: ಚುಕ್ಕೆಗಳಿದ್ದರೆ ಚಿನ್ನ, ಏನೂ ಇಲ್ಲದಿದ್ದರೆ ಬೆಳ್ಳಿ, ಮೇಲಿಂದ ಕೆಳಕ್ಕೆ ನೇರ ಗೆರೆಗಳಿದ್ದರೆ ಕೆಂಪು, ಅಡ್ಡ ಗೆರೆಗಳಿದ್ದರೆ ನೀಲಿ, ಎರಡೂ ಸೇರಿ ಬಲೆಯಂತಿದ್ದರೆ ಕಪ್ಪು, ನೋಡುವವರ ಎಡಮೇಲ್ತುದಿಯಿಂದ ಬಲಕೆಳತುದಿಗೆ ಓರೆಯಾಗಿ ಇಳಿದರೆ ಹಸಿರು, ಅದಕ್ಕೆ ವಿರುದ್ಧವಾಗಿ ಓರೆಯಾದರೆ ನೇರಳೆ. ಕಡಿಮೆ ಶ್ರಮದಲ್ಲಿ ಹೆಚ್ಚು ಫಲ ಕೊಡುವ ಉಪಾಯ ಈ ಇಡೀ ವಿದ್ಯೆಯಲ್ಲಿ ಇದಕ್ಕಿಂತ ಬೇರೊಂದಿಲ್ಲ. ಆದರೆ 1638ಕ್ಕಿಂತ ಎಷ್ಟೋ ಹಿಂದಿನ ಕೆತ್ತನೆಯ ಮೇಲಿನ ಗೆರೆಗಳಿಗೆ ಈ ಕೀಲಿಯನ್ನು ಹಾಕಬಾರದು. ಅವು ಕುಶಲಕರ್ಮಿಯ ಅಲಂಕಾರವಾಗಿರುವ ಸಂಭವವೇ ಹೆಚ್ಚು.

ಹಂತ 5: ಮನೆತನದ ಹೆಸರನ್ನು ಗಟ್ಟಿಯಾಗಿ ಹೇಳಿ

ಎಲ್ಲ ಹಂತಗಳಲ್ಲಿ ಇದೇ ಮುಖ್ಯ. ಹೆಸರಿನ ಉಚ್ಚಾರಣೆಗೆ ಹತ್ತಿರವಾದ ಪ್ರಾಣಿಯನ್ನೋ ವಸ್ತುವನ್ನೋ ಲಾಂಛನದಲ್ಲಿ ಇಡುವ ಪದ್ಧತಿಗೆ ಇಂಗ್ಲಿಷಿನಲ್ಲಿ ‘ಕ್ಯಾಂಟಿಂಗ್’ ಎನ್ನುತ್ತಾರೆ. ಓದುಬರಹ ಬಾರದ ಸೈನಿಕನೂ ಗುರುತು ಹಿಡಿಯಬೇಕಾದ ಕಾಲದಲ್ಲಿ ಇದಕ್ಕಿಂತ ಸುಲಭವಾದ ಮಾರ್ಗ ಇರಲಿಲ್ಲ.

ಹೆಸರನ್ನು ಇಂದಿನ ಇಂಗ್ಲಿಷಿನಲ್ಲಿ ಮಾತ್ರ ಹೇಳಿದರೆ ಸಾಲದು. ಆ ಕಾಲದ ಫ್ರೆಂಚ್, ಲ್ಯಾಟಿನ್, ಸ್ಥಳೀಯ ಮಾತುಗಳಲ್ಲಿಯೂ ಕೇಳಿಸಿಕೊಳ್ಳಬೇಕು. ಅರಂಡೆಲ್ ಮನೆತನದ ಗುರಾಣಿಯಲ್ಲಿ ಕವಲುತೋಕೆಯ ಹಕ್ಕಿಗಳಿವೆ, ಏಕೆಂದರೆ ಫ್ರೆಂಚಿನಲ್ಲಿ ಆ ಹಕ್ಕಿಗೆ ‘ಇರೊಂಡೆಲ್’ ಎನ್ನುತ್ತಾರೆ. ಲೂಸಿ ಮನೆತನದವರು ಪೈಕ್ ಎಂಬ ಮೀನನ್ನು ಇಟ್ಟುಕೊಂಡರು, ಏಕೆಂದರೆ ಆ ಮೀನಿನ ಹಳೆಯ ಹೆಸರು ‘ಲೂಸ್’. ಎರಡನೆಯ ಎಲಿಜಬೆತ್ ರಾಣಿಯ ತಾಯಿಯ ತವರಾದ ಬೋಸ್-ಲಯನ್ ಮನೆತನದ ಗುರಾಣಿಯಲ್ಲಿ ಬಿಲ್ಲುಗಳೂ ಸಿಂಹಗಳೂ ಇವೆ, ವಿವರಿಸಬೇಕಾದ್ದೇ ಇಲ್ಲ. ಸ್ಪೇನಿನ ಲಿಯೋನ್ ರಾಜ್ಯದ ಸಿಂಹವೂ ಹೀಗೆಯೇ ಬಂದದ್ದು, ಆದರೆ ಆ ಊರಿನ ಹೆಸರಿಗೂ ಸಿಂಹಕ್ಕೂ ಮೂಲದಲ್ಲಿ ನಂಟೇ ಇಲ್ಲ: ರೋಮನ್ ಸೈನ್ಯದ ‘ಲೀಜಿಯೊ’ ಅಲ್ಲಿ ಬೀಡುಬಿಟ್ಟಿದ್ದರಿಂದ ಆ ಹೆಸರು ಬಂದಿತು. ಕ್ಯಾಂಟಿಂಗ್ ನೋಡುವುದು ಪದದ ಹುಟ್ಟನ್ನಲ್ಲ, ಕಿವಿಗೆ ಕೇಳುವ ಸದ್ದನ್ನು.

ಕೆಲವು ಮನೆತನಗಳು ಹೆಸರಿನ ಮೇಲಿನ ಆಟವನ್ನು ಕಾಲಕ್ರಮದಲ್ಲಿ ಮರೆಮಾಡಿವೆ. ರೋಮಿನ ಬಾರ್ಬೆರಿನಿ ಮನೆತನದವರ ಮೂಲ ಹೆಸರು ತಫಾನಿ. ಇಟಲಿಯ ಮಾತಿನಲ್ಲಿ ‘ತಫಾನೊ’ ಎಂದರೆ ದನಕುದುರೆಗಳನ್ನು ಕಚ್ಚುವ ದೊಡ್ಡ ನೊಣ, ಅವರ ಗುರಾಣಿಯಲ್ಲಿ ಮೊದಲು ಇದ್ದದ್ದೂ ಅದೇ. ಮನೆತನದ ಅಂತಸ್ತು ಏರಿದಂತೆ ಮೂರು ನೊಣಗಳು ಮೂರು ಜೇನುನೊಣಗಳಾದವು. ಈ ಮನೆತನದವನೇ ಆದ ಎಂಟನೆಯ ಅರ್ಬನ್ 1623ರಲ್ಲಿ ಪೋಪ್ ಆದ ಮೇಲೆ ಸಂತ ಪೀಟರ್ ಬಸಿಲಿಕಾದಲ್ಲಿ ಶಿಲ್ಪಿ ಬೆರ್ನಿನಿ ನಿರ್ಮಿಸಿದ ಕಂಚಿನ ಮಂಟಪದ ತುಂಬ ಈ ಜೇನುನೊಣಗಳೇ ಹಾರಾಡುತ್ತಿವೆ. ಪಟ್ಟಿಯನ್ನು ನಂಬಿದವರು ಅಲ್ಲಿ ‘ಪರಿಶ್ರಮ, ಮಿತವ್ಯಯ’ ಎಂದು ಓದುತ್ತಾರೆ. ಹೆಸರನ್ನು ಕೇಳಿಸಿಕೊಂಡವರಿಗೆ ಕೊಟ್ಟಿಗೆಯ ನೊಣ ಕಾಣುತ್ತದೆ.

ನಿಯಮವೆಂದಮೇಲೆ ಅಪವಾದವೂ ಇರಬೇಕಲ್ಲ. ಆಕ್ಸ್‌ಫರ್ಡಿನ ಕಾರ್ಪಸ್ ಕ್ರಿಸ್ಟಿ ಕಾಲೇಜನ್ನು 1517ರಲ್ಲಿ ಸ್ಥಾಪಿಸಿದ ಬಿಷಪ್ ರಿಚರ್ಡ್ ಫಾಕ್ಸ್ ಅವರ ಗುರಾಣಿಯಲ್ಲಿ ನರಿಯನ್ನು ಹುಡುಕಿದರೆ ಸಿಗುವುದು ಪೆಲಿಕನ್. ಧರ್ಮಾಧಿಕಾರಿಗೆ ನರಿ ಶೋಭಿಸದೆಂದು ಅವರಿಗೆ ಅನಿಸಿದ್ದರೆ ತಪ್ಪೇನಿಲ್ಲ. ಇನ್ನು ಕೆಲವೆಡೆ ಪ್ರಾಣಿ ಮೊದಲು, ಹೆಸರು ಆಮೇಲೆ: ಹಂಗೆರಿಯನ್ನು 1458ರಿಂದ 1490ರವರೆಗೆ ಆಳಿದ ಮಥಿಯಾಸ್ ದೊರೆಗೆ ಕೊರ್ವಿನಸ್ ಎಂಬ ಹೆಸರು ಅಂಟಿಕೊಂಡದ್ದು ಅವನ ಹುನ್ಯಾದಿ ಮನೆತನದ ಗುರಾಣಿಯಲ್ಲಿ ಉಂಗುರವನ್ನು ಕಚ್ಚಿಕೊಂಡು ಕುಳಿತಿದ್ದ ಕಾಗೆಜಾತಿಯ ಹಕ್ಕಿಯಿಂದ.

ಹಂತ 6: ಪ್ರಾಣಿಯ ಮೈಮೇಲೆ ಏನೇನಿದೆ ಎಂದು ಎಣಿಸಿ

ಕೊರಳಪಟ್ಟಿ, ಸರಪಳಿ, ಕಿರೀಟ, ಹೆಗಲ ಮೇಲಿನ ನಕ್ಷತ್ರ, ಮೈಗೆ ನಾಟಿದ ಬಾಣ ಇವೆಲ್ಲ ಪ್ರಾಣಿಗಿಂತ ಹೆಚ್ಚು ಮಾತಾಡುತ್ತವೆ. ಗುರಾಣಿಯ ಮೇಲ್ಭಾಗದಲ್ಲಿ ಒಂಟಿಯಾಗಿ ಕೂತ ಪುಟ್ಟ ಮಾರ್ಟ್ಲೆಟ್ ಇದ್ದರೆ ಅದು ಮನೆತನದ ಪ್ರಾಣಿಯಲ್ಲ. ನಾಲ್ಕನೆಯ ಮಗನ ಶಾಖೆಯೆಂಬ ಗುರುತು. ಎರಡನೆಯ ಮಗನಿಗೆ ಅರ್ಧಚಂದ್ರ, ಮೂರನೆಯವನಿಗೆ ನಕ್ಷತ್ರ. ಕಿರಿಯ ಮಗನಿಗೆ ಕಾಲೂರಲು ನೆಲವಿಲ್ಲದ್ದರಿಂದ ಪಾದವಿಲ್ಲದ ಹಕ್ಕಿಯನ್ನು ಕೊಟ್ಟರೆಂಬ ವಿವರಣೆ ಚೆಂದವಾಗಿದೆ, ಆದರೆ ಮಾರ್ಟ್ಲೆಟ್ ಈ ಪದ್ಧತಿಗಿಂತ ಎಷ್ಟೋ ಹಿಂದೆಯೇ ಗುರಾಣಿಗಳಲ್ಲಿತ್ತು.

ಗೆಲುವಿಗಾಗಿಯೋ ಸೇವೆಗಾಗಿಯೋ ದೊರೆ ಮೂಲ ಲಾಂಛನಕ್ಕೆ ಸೇರಿಸಿಕೊಟ್ಟ ಗೌರವಭಾಗಕ್ಕೆ ‘ಆಗ್ಮೆಂಟೇಷನ್’ ಎನ್ನುತ್ತಾರೆ. 1513ರಲ್ಲಿ ಫ್ಲಾಡನ್ ಯುದ್ಧದಲ್ಲಿ ಸ್ಕಾಟ್ಲೆಂಡಿನ ನಾಲ್ಕನೆಯ ಜೇಮ್ಸ್ ದೊರೆ ಮಡಿದ ಬಳಿಕ, ಇಂಗ್ಲೆಂಡಿನ ಪಡೆಯನ್ನು ನಡೆಸಿದ ಥಾಮಸ್ ಹೋವರ್ಡ್‌ನ ಲಾಂಛನಕ್ಕೆ ಎಂಟನೆಯ ಹೆನ್ರಿ ಒಂದು ಚಿಕ್ಕ ಗುರಾಣಿಯನ್ನು ಸೇರಿಸಿದನು. ಅದರೊಳಗೆ ಸ್ಕಾಟ್ಲೆಂಡಿನ ಕೆಂಪು ಸಿಂಹವೇ ಇದೆ, ಆದರೆ ಸೊಂಟದಿಂದ ಮೇಲಿನ ಅರ್ಧಭಾಗ ಮಾತ್ರ, ಬಾಯಿಯ ಮೂಲಕ ಹಾಯ್ದ ಬಾಣದೊಂದಿಗೆ. ಹೋವರ್ಡ್ ಮನೆತನದವರಾದ ನಾರ್ಫೋಕ್ ಡ್ಯೂಕ್‌ಗಳ ಲಾಂಛನದಲ್ಲಿ ಈ ಸಿಂಹವನ್ನು ಕಂಡು ‘ಮನೆತನದ ಶೌರ್ಯ’ ಎಂದು ಬರೆದುಕೊಂಡವರು ಸೋತವನ ಪ್ರಾಣಿಯನ್ನು ಗೆದ್ದವನ ಗುಣವನ್ನಾಗಿ ಓದಿದಂತಾಯಿತು.

ಸೋತವರ ಪ್ರಾಣಿಯನ್ನು ಗೆದ್ದವರು ತಮ್ಮ ಲಾಂಛನಕ್ಕೆ ತರುವ ಈ ಬಗೆ ನಮಗೆ ಹೊಸದಲ್ಲ. ಹೊಯ್ಸಳರ ಲಾಂಛನದಲ್ಲಿ ಸಳ ಹುಲಿಯೊಡನೆ ಹೋರಾಡುತ್ತಾನೆ. ಗುರುಗಳು ‘ಹೊಯ್ ಸಳ’ ಎಂದದ್ದರಿಂದ ವಂಶಕ್ಕೆ ಆ ಹೆಸರು ಬಂದಿತೆಂಬ ಕಥೆ ಎಲ್ಲರಿಗೂ ತಿಳಿದಿದೆ. ಈ ಕಥೆ ಮೊದಲು ಕಾಣಸಿಗುವುದು ವಿಷ್ಣುವರ್ಧನನ 1117ರ ಬೇಲೂರು ಶಾಸನದಲ್ಲಿ, ಎಂದರೆ ಅವನು ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ ಬೆನ್ನಿಗೇ. ಹುಲಿ ಚೋಳರ ಲಾಂಛನ. ಕ್ಯಾಂಟಿಂಗ್ ಮತ್ತು ಗೆಲುವಿನ ಗುರುತು ಎರಡೂ ಒಂದೇ ಶಿಲ್ಪದಲ್ಲಿ ಸೇರಿರುವುದಕ್ಕೆ ಇಷ್ಟು ಒಳ್ಳೆಯ ಉದಾಹರಣೆ ಯುರೋಪಿನಲ್ಲಿಯೂ ಅಪರೂಪ.

ಹಂತ 7: ಈಗ ಗುಣದ ಪಟ್ಟಿಯನ್ನು ತೆರೆಯಿರಿ

ಹೆಸರೂ ಯುದ್ಧವೂ ಮದುವೆಯೂ ಕಾರಣವಲ್ಲವೆಂದು ತಿಳಿದ ಮೇಲೆ ಗುಣದ ಅರ್ಥವನ್ನು ಹುಡುಕಬಹುದು. ಇಂತಹ ಅರ್ಥಗಳ ಮೂಲ ಬಹುಪಾಲು ಬೆಸ್ಟಿಯರಿ ಎಂಬ ಮಧ್ಯಯುಗದ ಪ್ರಾಣಿಕಥೆಗಳ ಹಸ್ತಪ್ರತಿಗಳಲ್ಲಿದೆ. ಸಿಂಹ ಬಾಲದಿಂದ ತನ್ನ ಹೆಜ್ಜೆಗುರುತನ್ನು ಅಳಿಸಿಕೊಂಡು ಹೋಗುತ್ತದೆ, ಕಣ್ಣು ತೆರೆದೇ ನಿದ್ರಿಸುತ್ತದೆ, ಸತ್ತೇ ಹುಟ್ಟಿದ ಮರಿಗಳನ್ನು ಮೂರನೆಯ ದಿನ ಉಸಿರೂದಿ ಬದುಕಿಸುತ್ತದೆ ಎಂದು ಅವು ಹೇಳುತ್ತವೆ. ಮೂರನೆಯ ದಿನದ ಮಾತು ಕ್ರಿಸ್ತನ ಪುನರುತ್ಥಾನದ ಸೂಚನೆ. ಪೆಲಿಕನ್ ತನ್ನ ಎದೆಯನ್ನು ಕೊಕ್ಕಿನಿಂದ ಚುಚ್ಚಿಕೊಂಡು ರಕ್ತದಿಂದ ಮರಿಗಳನ್ನು ಉಳಿಸುತ್ತದೆ. ಬಿಷಪ್ ಫಾಕ್ಸ್ ಆರಿಸಿಕೊಂಡದ್ದು ಈ ಅರ್ಥವನ್ನೇ. ಕೊಕ್ಕರೆಯಂಥ ಕ್ರೇನ್ ಹಕ್ಕಿ ಒಂದು ಕಾಲಿನಲ್ಲಿ ಕಲ್ಲು ಹಿಡಿದು ಕಾವಲು ನಿಲ್ಲುತ್ತದೆ, ತೂಕಡಿಸಿದರೆ ಕಲ್ಲು ಬಿದ್ದು ಎಚ್ಚರವಾಗುತ್ತದೆ. ಉಷ್ಟ್ರಪಕ್ಷಿ ಕಬ್ಬಿಣವನ್ನೂ ಜೀರ್ಣಿಸಿಕೊಳ್ಳುತ್ತದೆಂಬ ನಂಬಿಕೆಯಿಂದ ಅದರ ಕೊಕ್ಕಿನಲ್ಲಿ ಕುದುರೆಯ ಲಾಳವಿರುತ್ತದೆ.

ಚಿತ್ರದಲ್ಲಿ ಇಂತಹ ಕಥೆಯ ಗುರುತು, ಕಲ್ಲೋ ಲಾಳವೋ ರಕ್ತದ ಹನಿಯೋ, ಕಣ್ಣಿಗೆ ಕಂಡರೆ ಗುಣದ ಅರ್ಥವನ್ನು ಧೈರ್ಯವಾಗಿ ಹೇಳಬಹುದು. ಬರಿಯ ಸಿಂಹ, ಬರಿಯ ಹದ್ದು ಇದ್ದಾಗ ಸುಮ್ಮನಿರುವುದೇ ಲೇಸು. ಇತ್ತೀಚಿನ ಕಾಲದಲ್ಲಿ ಹೊಸದಾಗಿ ಪಡೆದ ಲಾಂಛನಗಳ ಮಾತು ಬೇರೆ. ಅಲ್ಲಿ ಪಡೆದವರೇ ಪ್ರಾಣಿಯನ್ನು ಆರಿಸಿಕೊಂಡು ಕಾರಣವನ್ನೂ ಹೇಳಿಕೊಂಡಿರುತ್ತಾರೆ. ಹಳೆಯ ಲಾಂಛನಗಳ ಸುತ್ತ ಬೆಳೆದ ಕಥೆಗಳನ್ನು ಮಾತ್ರ ತಾರೀಖು ನೋಡಿ ನಂಬಬೇಕು: ಮಿಲಾನಿನ ವಿಸ್ಕೊಂಟಿ ಮನೆತನದ, ಮನುಷ್ಯನನ್ನು ನುಂಗುತ್ತಿರುವ ಹಾವಿನ ಬಗ್ಗೆ ಹಲವು ಕಥೆಗಳಿದ್ದು, ಒಂದಕ್ಕೊಂದು ತಾಳೆಯಾಗುವುದಿಲ್ಲ. ಅದೇ ಹಾವು ಆಲ್ಫಾ ರೋಮಿಯೋ ಕಾರಿನ ಮೂತಿಯ ಮೇಲೆ ಇಂದಿಗೂ ಓಡಾಡುತ್ತಿದೆ.

ಹಂತ 8: ದಾಖಲೆಯೊಡನೆ ತಾಳೆ ನೋಡಿ

ಅಡ್ಡಹೆಸರನ್ನು ಹೇಳಿದರೆ ‘ನಿಮ್ಮ ಮನೆತನದ ಕ್ರೆಸ್ಟ್’ ಎಂದು ಲೋಟದ ಮೇಲೆ ಅಚ್ಚೊತ್ತಿ ಕೊಡುವ ಅಂಗಡಿಗಳಿವೆ. ಇಂಗ್ಲೆಂಡಿನ ನಿಯಮದಂತೆ ಲಾಂಛನ ಅಡ್ಡಹೆಸರಿಗೆ ಸೇರಿದ್ದಲ್ಲ. ಅದನ್ನು ಪಡೆದ ವ್ಯಕ್ತಿಗೂ ಅವನ ಗಂಡುಸಂತತಿಯ ಸಾಲಿಗೂ ಸೇರಿದ್ದು. ಸ್ಕಾಟ್ಲೆಂಡಿನಲ್ಲಿ ಇನ್ನೂ ಬಿಗಿ: ಒಂದು ಕಾಲಕ್ಕೆ ಒಂದು ಲಾಂಛನ ಒಬ್ಬನದೇ. ಇದಕ್ಕೆ ತದ್ವಿರುದ್ಧವಾಗಿ ಪೋಲೆಂಡಿನಲ್ಲಿ ಒಂದೇ ಲಾಂಛನವನ್ನು ರಕ್ತಸಂಬಂಧವಿಲ್ಲದ ನೂರಾರು ಮನೆತನಗಳು ಹಂಚಿಕೊಂಡಿದ್ದವು. ಆದುದರಿಂದ ಹೆಸರೊಂದನ್ನೇ ಹಿಡಿದು ಪ್ರಾಣಿಯನ್ನು ಯಾರಿಗಾದರೂ ಹಚ್ಚುವ ಮೊದಲು ದೇಶವನ್ನೂ ವಂಶಾವಳಿಯನ್ನೂ ನೋಡಬೇಕು.

ಇಂಗ್ಲೆಂಡಿನ ದಾಖಲೆಗಳು 1484ರಲ್ಲಿ ಮೂರನೆಯ ರಿಚರ್ಡ್ ಸ್ಥಾಪಿಸಿದ, ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್‌ನಲ್ಲಿವೆ. ಸ್ಕಾಟ್ಲೆಂಡಿನವು ಎಡಿನ್‌ಬರೊದ ಲಾರ್ಡ್ ಲಯನ್ ನ್ಯಾಯಾಲಯದಲ್ಲಿ, 1672ರಿಂದ ನಡೆದುಬಂದ ರಿಜಿಸ್ಟರಿನಲ್ಲಿವೆ. ಮನೆತನದ ಹೆಸರೇ ಗೊತ್ತಿಲ್ಲದೆ ಚಿತ್ರ ಮಾತ್ರ ಕೈಯಲ್ಲಿದ್ದರೆ 1874ರಲ್ಲಿ ಪ್ರಕಟವಾದ ಪ್ಯಾಪ್‌ವರ್ತ್ ಸೂಚಿ ನೆರವಿಗೆ ಬರುತ್ತದೆ: ಅದರಲ್ಲಿ ಲಾಂಛನಗಳನ್ನು ಹೆಸರಿನ ಕ್ರಮದಲ್ಲಿ ಜೋಡಿಸದೆ ಪ್ರಾಣಿ, ಸಂಖ್ಯೆ, ಭಂಗಿ, ಬಣ್ಣಗಳ ಕ್ರಮದಲ್ಲಿ ಜೋಡಿಸಿರುವುದರಿಂದ, ಮೊದಲ ನಾಲ್ಕು ಹಂತಗಳಲ್ಲಿ ಬರೆದುಕೊಂಡ ಟಿಪ್ಪಣಿಯೇ ಹುಡುಕುವ ಕೀಲಿಯಾಗುತ್ತದೆ.

ಓದಿನ ಮೊದಲ ಮಾದರಿ: ಲಾರ್ಡ್ ಹ್ಯಾರಿಸ್‌ನ ಹುಲಿ

1799ರ ಮೇ 4ರಂದು ಶ್ರೀರಂಗಪಟ್ಟಣವನ್ನು ಹಿಡಿದ ಬ್ರಿಟಿಷ್ ಸೈನ್ಯದ ದಂಡನಾಯಕ ಜನರಲ್ ಜಾರ್ಜ್ ಹ್ಯಾರಿಸ್. 1815ರಲ್ಲಿ ಅವನಿಗೆ ‘ಶ್ರೀರಂಗಪಟ್ಟಣ ಮತ್ತು ಮೈಸೂರಿನ ಬ್ಯಾರನ್ ಹ್ಯಾರಿಸ್’ ಎಂಬ ಪದವಿ ಸಿಕ್ಕಿತು. ಅವನ ಕ್ರೆಸ್ಟ್‌ನಲ್ಲಿ ಒಂದು ಹುಲಿಯಿದೆ.

ಜಾಗ: ಕ್ರೆಸ್ಟ್. ಗುರಾಣಿಯಲ್ಲಿಲ್ಲವಾದ್ದರಿಂದ ಇದು ಪೂರ್ವಜರಿಂದ ಬಂದ ಪ್ರಾಣಿಯೆಂದು ಭಾವಿಸಬೇಕಾಗಿಲ್ಲ. ಪ್ರಾಣಿ: ಬ್ಲೇಜನ್‌ನಲ್ಲಿ ‘ರಾಯಲ್ ಟೈಗರ್’ ಎಂದಿದೆ, ಆದ್ದರಿಂದ ಪಟ್ಟೆಯುಳ್ಳ ನಮ್ಮ ಹುಲಿ. ಭಂಗಿ: ನಡೆಯುತ್ತಾ ನಮ್ಮತ್ತ ಮುಖ ತಿರುಗಿಸಿದೆ, ಇಂಗ್ಲೆಂಡಿನ ಸಿಂಹಗಳದೇ ನಿಲುವು. ಬಣ್ಣ: ಹಸಿರು ಮೈ, ಚಿನ್ನದ ಪಟ್ಟೆ. ಹೆಸರು: ಹ್ಯಾರಿಸ್ ಎಂಬುದಕ್ಕೂ ಹುಲಿಗೂ ನಂಟಿಲ್ಲ. ಆರನೆಯ ಹಂತಕ್ಕೆ ಬಂದಾಗ ಎಲ್ಲವೂ ತೆರೆದುಕೊಳ್ಳುತ್ತದೆ: ಹುಲಿ ನಿಂತಿರುವುದು ಕೋಟೆಗೋಡೆಯ ಆಕಾರದ ಕಿರೀಟದ ಮೇಲೆ, ಅದರ ಎದೆಗೆ ಬಾಣ ನಾಟಿ ರಕ್ತ ಸುರಿಯುತ್ತಿದೆ, ತಲೆಯ ಮೇಲೆ ಪೌರ್ವಾತ್ಯ ಮಾದರಿಯ ಕಿರೀಟವಿದೆ, ಹಣೆಯ ಮೇಲೆ ಪರ್ಷಿಯನ್ ಲಿಪಿಯಲ್ಲಿ ‘ಹೈದರ್’ ಎಂದು ಬರೆದಿದೆ.

ಟಿಪ್ಪುವಿನ ಸಿಂಹಾಸನದಲ್ಲಿ, ಫಿರಂಗಿಯ ಬಾಯಲ್ಲಿ, ಸೈನಿಕರ ಉಡುಪಿನ ಪಟ್ಟೆಗಳಲ್ಲಿ ಹುಲಿಯೇ ತುಂಬಿತ್ತು. ಈ ಗೆಲುವಿಗಾಗಿ ಸೈನಿಕರಿಗೆ ಹಂಚಿದ ಪದಕದ ಮೇಲೂ ಬ್ರಿಟಿಷ್ ಸಿಂಹ ಹುಲಿಯನ್ನು ಕೆಡವಿದ ಚಿತ್ರವಿದೆ. ಹೋವರ್ಡ್‌ನ ಸಿಂಹಕ್ಕೆ ಬಾಯಲ್ಲಿ ಬಾಣ, ಹ್ಯಾರಿಸ್‌ನ ಹುಲಿಗೆ ಎದೆಯಲ್ಲಿ ಬಾಣ. ಗುಣದ ಪಟ್ಟಿಯಿಂದ ಆರಂಭಿಸಿದ್ದರೆ ‘ಹುಲಿಯೆಂದರೆ ಉಗ್ರ ಪರಾಕ್ರಮ, ಇದು ಹ್ಯಾರಿಸ್‌ನ ಪರಾಕ್ರಮ’ ಎಂದು ಓದುತ್ತಿದ್ದೆವು; ಕ್ರಮವಾಗಿ ಓದಿದರೆ ಕಿರೀಟ ತೊಟ್ಟ, ಗಾಯಗೊಂಡ ಆ ಹುಲಿ ಮೈಸೂರಿನ ಸುಲ್ತಾನರ ಮನೆತನ.

ಎರಡನೆಯ ಮಾದರಿ: ಮೈಸೂರಿನ ಗಂಡಭೇರುಂಡ

1877ರ ಜನವರಿ 1ರಂದು ದೆಹಲಿಯಲ್ಲಿ ನಡೆದ ದರ್ಬಾರಿಗಾಗಿ ಬಂಗಾಳ ಸಿವಿಲ್ ಸರ್ವಿಸಿನ ರಾಬರ್ಟ್ ಟೇಲರ್ ದೇಶೀ ಸಂಸ್ಥಾನಗಳಿಗೆ ಯುರೋಪಿನ ಮಾದರಿಯ ಲಾಂಛನಗಳನ್ನು ರಚಿಸಿದನು. ಅವನ್ನು ರೇಷ್ಮೆಯ ಧ್ವಜಗಳ ಮೇಲೆ ಮೂಡಿಸಿ ಅರಸರಿಗೆ ಕೊಡಲಾಯಿತು. ಗುರಾಣಿ, ಪಕ್ಕದ ಪ್ರಾಣಿಗಳು, ಧ್ಯೇಯವಾಕ್ಯದ ಪಟ್ಟಿ ಎಂಬ ಚೌಕಟ್ಟು ಸಂಸ್ಥಾನಗಳಲ್ಲಿ ನೆಲೆಯೂರಿತು. ಚೌಕಟ್ಟು ಹೊರಗಿನದು, ಒಳಗಿನ ಪ್ರಾಣಿ ನಮ್ಮದು; ಓದುವಾಗ ಇವೆರಡನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು.

ರೆಕ್ಕೆ ಹರಡಿದ ಎರಡು ತಲೆಯ ಹಕ್ಕಿಯನ್ನು ಕಂಡ ಯುರೋಪಿನ ಓದುಗ ಅದನ್ನು ಪವಿತ್ರ ರೋಮನ್ ಚಕ್ರವರ್ತಿಗಳ ಹದ್ದಿಗೆ ಹೋಲಿಸುವುದು ಸಹಜ. ಆದರೆ ಆ ಹದ್ದು 1433ರಲ್ಲಿ ಸಿಗಿಸ್ಮಂಡ್ ಚಕ್ರವರ್ತಿಯಿಂದ ಖಾಯಂ ಆದದ್ದು. ಬಳ್ಳಿಗಾವೆಯಲ್ಲಿ ಕಂಬದ ನೆತ್ತಿಯ ಮೇಲೆ ಭೇರುಂಡವನ್ನು ನಿಲ್ಲಿಸಿದ್ದು 1047ರಲ್ಲಿ. ವಿಜಯನಗರದ ಅಚ್ಯುತದೇವರಾಯನ ನಾಣ್ಯಗಳಲ್ಲಿ ಅದು ಕೊಕ್ಕುಗಳಲ್ಲಿಯೂ ಉಗುರುಗಳಲ್ಲಿಯೂ ಆನೆಗಳನ್ನು ಎತ್ತಿಕೊಂಡು ಹಾರುತ್ತದೆ. ಆದುದರಿಂದ ಇದನ್ನು ಎರಡು ತಲೆಯ ಹದ್ದು ಎಂದು ಬರೆದುಕೊಂಡವರು ಎರಡನೆಯ ಹಂತದಲ್ಲೇ ಸೋತಂತೆ. ಮೈಸೂರು ಸಂಸ್ಥಾನದ ಲಾಂಛನದ ಧ್ಯೇಯವಾಕ್ಯ ‘ನ ಬಿಭೇತಿ ಕದಾಚನ’ ತೈತ್ತಿರೀಯ ಉಪನಿಷತ್ತಿನದು. ಯಾವ ಕಾಲಕ್ಕೂ ಹೆದರುವುದಿಲ್ಲ ಎಂಬ ಆ ಮಾತು ಹಕ್ಕಿಯ ಪಕ್ಕದಲ್ಲಿ ಶೌರ್ಯದಂತೆ ಕೇಳಿಸಿದರೂ ಮೂಲದಲ್ಲಿ ಬ್ರಹ್ಮಾನಂದವನ್ನು ಅರಿತವನ ನಿರ್ಭಯತೆಯನ್ನು ಹೇಳುತ್ತದೆ.

ಇಂದಿನ ಕರ್ನಾಟಕ ರಾಜ್ಯದ ಲಾಂಛನದಲ್ಲಿ ಕೆಂಪು ಗುರಾಣಿಯ ಮೇಲೆ ಬಿಳಿಯ ಗಂಡಭೇರುಂಡವಿದೆ, ಕ್ರೆಸ್ಟ್‌ನ ಜಾಗದಲ್ಲಿ ಅಶೋಕನ ಸಿಂಹಸ್ತಂಭವಿದೆ, ಎರಡೂ ಪಕ್ಕದಲ್ಲಿ ಸಿಂಹದ ಮೈಗೆ ಆನೆಯ ತಲೆ ಕೂಡಿದ ಹಳದಿ ಪ್ರಾಣಿಗಳಿವೆ. ಈ ಪ್ರಾಣಿಗಳನ್ನು ಕೆಲವರು ಗಜಕೇಸರಿ ಎನ್ನುತ್ತಾರೆ, ಕೆಲವರು ಶರಭ ಎನ್ನುತ್ತಾರೆ, ಮತ್ತು ಓದು ತೂಗಾಡುವುದು ಈ ಹೆಸರಿನ ಮೇಲೆ. ಬೇಲೂರಿನ ಚೆನ್ನಕೇಶವ ದೇವಾಲಯದ ಕೆತ್ತನೆಯಲ್ಲಿ ಆನೆಯನ್ನು ಸಿಂಹ ಹಿಡಿಯುತ್ತದೆ, ಸಿಂಹವನ್ನು ಶರಭ ಹಿಡಿಯುತ್ತದೆ, ಶರಭವನ್ನು ಗಂಡಭೇರುಂಡ ಹಿಡಿಯುತ್ತದೆ. ಪಕ್ಕದ ಪ್ರಾಣಿಗಳು ಶರಭಗಳೇ ಆಗಿದ್ದರೆ, ಸೋತ ಪ್ರಾಣಿ ಗೆದ್ದ ಹಕ್ಕಿಯ ಗುರಾಣಿಯನ್ನು ಹಿಡಿದು ನಿಂತಿದೆ ಎಂದು ಓದಬೇಕಾಗುತ್ತದೆ. ಗಜಕೇಸರಿಗಳಾಗಿದ್ದರೆ ಆನೆ ಮತ್ತು ಸಿಂಹಗಳೆರಡರ ಬಲವೂ ಕೂಡಿದ ಕಾವಲಿನವು ಎಂದಷ್ಟೇ ಓದಬೇಕು. ಸೊಂಡಿಲೂ ಕೇಸರವೂ ಎದ್ದು ಕಾಣುವ ಈಗಿನ ಚಿತ್ರಕ್ಕೆ ಎರಡನೆಯ ಓದೇ ಹೆಚ್ಚು ಒಪ್ಪುತ್ತದೆ.